ನಿತ್ಯನಿಯಮದಿಂದ ಚಿತ್ತಶಾಂತಿ

ಅನಾದಿಕಾಲದಿಂದ ಚತುರ್ಗತಿಗಳಲ್ಲಿ ಪರಿಭ್ರಮಿಸುತ್ತಿರುವ ಜೀವನನ್ನು ನೆರಳಿನಂತೆ ಹಿಂಬಾಲಿಸಿ ಬಂದಿರುವ ನಾಲ್ಕು ಸಂಜ್ಞೆಗಳನ್ನು ಜಿನಾಗಮವು ಹೆಸರಿಸಿದೆ. ಅವು ಆಹಾರ, ಭಯ, ಮೈಥುನ ಮತ್ತು ಪರಿಗ್ರಹ. ಇವುಗಳಲ್ಲಿ ಭಯಸಂಜ್ಞೆಯು ಇರುವೆಗೂ ಇದೆ, ಆನೆಗೂ ಇದೆ. ಆದರೆ ಮೂಕಪ್ರಾಣಿಯ ಭಯವು ಬಹುಮಟ್ಟಿಗೆ ಎದುರಿಗೆ ಬಂದ ಅಪಾಯದೊಡನೆ ಹುಟ್ಟಿ, ಆ ಅಪಾಯ ಸರಿದೊಡನೆ ಅಡಗುತ್ತದೆ. ಮನುಷ್ಯನಾದರೋ ಇನ್ನೂ ಬಾರದಿರುವ ಅಪಾಯವನ್ನು ಮನಸ್ಸಿನೊಳಕ್ಕೆ ಕರೆತಂದು, ಅದರೊಡನೆ ರಾತ್ರಿಯಿಡೀ ಎಚ್ಚರವಿರಬಲ್ಲನು. ಈ ಕಳವಳಕ್ಕೇ ಲೋಕದಲ್ಲಿ ಚಿಂತೆಯೆಂದು ಹೆಸರು. ವಾರ್ಷಿಕ ಮಹೋತ್ಸವದ ಈ ಶುಭಸಂದರ್ಭದಲ್ಲಿ ಶ್ರಾವಕ ಶ್ರಾವಿಕೆಯರು ಮನನ ಮಾಡತಕ್ಕ ವಿಷಯವೂ ಇದೇ ಆಗಿದೆ: ಚಿಂತೆಯಿಂದ ಕಲಕಿದ ಚಿತ್ತವನ್ನು ತಿಳಿಗೊಳಿಸಲು ಜಿನಧರ್ಮವು ದಿನನಿತ್ಯದ ಬಾಳಿನಲ್ಲಿ ಇಟ್ಟುಕೊಟ್ಟಿರುವ ಸಾಧನಗಳು ಯಾವುವು?

ಬೆಟ್ಟದ ಮೇಲಿನ ರಾತ್ರಿ

ಈರೋಡು ಜಿಲ್ಲೆಯ ವಾಯವ್ಯ ಭಾಗದಲ್ಲಿ ತಾಳವಾಡಿಯ ಬೆಟ್ಟಸೀಮೆಯಿದೆ. ಬಣ್ಣಾರಿಯಿಂದ 27 ಕಡಿದಾದ ತಿರುವುಗಳ ದಿಂಬಂ ಘಾಟಿಯನ್ನೇರಿ, ಹಾಸನೂರಿನ ಕಾಡನ್ನು ದಾಟಿದರೆ ಈ ಪ್ರಸ್ಥಭೂಮಿ ತೆರೆದುಕೊಳ್ಳುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನೆರೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಹೀಗಾಗಿ ಇಲ್ಲಿನ ಅನೇಕ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ರಾಗಿ, ಮುಸುಕಿನ ಜೋಳ, ಕಬ್ಬು, ಬಾಳೆ, ಎಲೆಕೋಸು, ಅರಿಸಿನ ಇಲ್ಲಿನ ಹೊಲಗಳ ಬೆಳೆಗಳು. ಸುತ್ತಲೂ ಕಾಡು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲ ಅರಣ್ಯ.

ಈ ಸೀಮೆಯ ರೈತನ ರಾತ್ರಿ ಹೇಗಿರುತ್ತದೆಂಬುದನ್ನು ಬಯಲುಸೀಮೆಯ ಪೇಟೆಗಳಲ್ಲಿರುವ ಬಂಧುಗಳು ಒಮ್ಮೆ ಊಹಿಸಿಕೊಳ್ಳಬೇಕು. ಫಸಲು ಕೈಗೆ ಬರುವ ಹೊತ್ತಿಗೆ ಆನೆಗಳು ಕಾಡಿನಂಚಿನಿಂದ ಹೊಲಕ್ಕಿಳಿಯುತ್ತವೆ. ಕಂದಕಗಳಿವೆ, ಸೋಲಾರ್ ಬೇಲಿಗಳಿವೆ. ಆದರೂ ಅಟ್ಟಣೆಯ ಮೇಲೆ ಟಾರ್ಚ್ ಹಿಡಿದು ಕಾವಲು ಕೂರುವುದು ತಪ್ಪಿಲ್ಲ. ಜನರು ಕರುಪ್ಪನ್ ಎಂದು ಕರೆದ ಒಂದು ಕಾಡಾನೆಯು ಬೆಳೆಹಾನಿಯೊಂದಿಗೆ ಜೀವಹಾನಿಯನ್ನೂ ಉಂಟುಮಾಡಿದ್ದರಿಂದ, ಪದೇ ಪದೇ ನಡೆದ ಪ್ರಯತ್ನಗಳ ನಂತರ 2023ರ ಏಪ್ರಿಲ್ ತಿಂಗಳಲ್ಲಿ ಅದನ್ನು ಸೆರೆಹಿಡಿಯಬೇಕಾಯಿತು. ಘಾಟಿ ರಸ್ತೆಯಲ್ಲಿ ವನ್ಯಜೀವಿಗಳ ಸಾವನ್ನು ತಡೆಯುವ ಸಲುವಾಗಿ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧಗಳು ಬಂದವು. ಅದಕ್ಕೂ ಹಿಂದೆ, 2000ರ ಜುಲೈ 30ರ ರಾತ್ರಿ ಇದೇ ಸೀಮೆಯ ಗಾಜನೂರಿನಿಂದ ವರನಟ ಡಾ. ರಾಜ್‌ಕುಮಾರ್ ಅವರು ಅಪಹೃತರಾಗಿ 108 ದಿನಗಳ ತರುವಾಯ ಬಿಡುಗಡೆ ಹೊಂದುವವರೆಗೆ, ಎರಡು ರಾಜ್ಯಗಳ ಜನರು ಒಂದೇ ಆತಂಕದಲ್ಲಿ ಕಾದಿದ್ದುಂಟು.

ಬೆಟ್ಟದ ಮೇಲಿನವರಿಗೆ ಆನೆಯ ಚಿಂತೆಯಾದರೆ, ಕೆಳಗಿನ ಪೇಟೆಯವರಿಗೆ ಮಾರುಕಟ್ಟೆಯ ಧಾರಣೆಯ ಚಿಂತೆ, ಕಂತಿನ ಚಿಂತೆ, ದೂರದೇಶದಲ್ಲಿರುವ ಮಗನ ಚಿಂತೆ, ವರದಿ ಇನ್ನೂ ಕೈಸೇರದ ರಕ್ತಪರೀಕ್ಷೆಯ ಚಿಂತೆ. ರೂಪ ಬೇರೆ, ಉರಿ ಒಂದೇ.

ಶಾಸ್ತ್ರವು ಕಂಡ ಚಿಂತೆಯ ಸ್ವರೂಪ

ದಿಗಂಬರ ಮತ್ತು ಶ್ವೇತಾಂಬರ ಪರಂಪರೆಗಳೆರಡಕ್ಕೂ ಪ್ರಮಾಣಗ್ರಂಥವಾದ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ಪ್ರಕಾರಗಳು ನಿರೂಪಿತವಾಗಿವೆ. ಬೇಡವಾದದ್ದು ಬಂದು ಸೇರಿದಾಗ ಅದು ಎಂದು ತೊಲಗುವುದೋ ಎಂದು ಹಲುಬುವುದು ಅನಿಷ್ಟಸಂಯೋಗ. ಬೇಕಾದದ್ದು ಅಗಲಿದಾಗ ಅದನ್ನೇ ನೆನೆದು ಕೊರಗುವುದು ಇಷ್ಟವಿಯೋಗ. ದೇಹದ ನೋವಿನಲ್ಲಿಯೇ ಚಿತ್ತವು ಸಿಕ್ಕಿಬೀಳುವುದು ವೇದನಾ. ಮುಂದೆ ದೊರೆಯಬೇಕಾದ ಭೋಗವನ್ನು ಕುರಿತು ಹಂಬಲಿಸುವುದು ನಿದಾನ. ಮನುಷ್ಯನ ನಿದ್ರೆಗೆಡಿಸುವ ಯಾವ ಚಿಂತೆಯನ್ನು ತೆಗೆದುಕೊಂಡರೂ ಅದು ಈ ನಾಲ್ಕರಲ್ಲೊಂದು ಮನೆಗೆ ಸೇರುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಶಾಸ್ತ್ರವು ಇದನ್ನು ‘ಧ್ಯಾನ’ವೆಂದೇ ಕರೆದಿದೆ. ಚಿಂತೆಗೊಳಗಾದವನಿಗೆ ಏಕಾಗ್ರತೆಯಿಲ್ಲವೆಂದು ಹೇಳುವುದು ಸರಿಯಲ್ಲ. ಅವನಿಗೆ ಏಕಾಗ್ರತೆಯುಂಟು, ಅದು ನಿಂತಿರುವ ನೆಲೆ ಮಾತ್ರ ತಪ್ಪು. ರಾತ್ರಿ ಎರಡು ಗಂಟೆಗೆ ಸಾಲದ ಲೆಕ್ಕವನ್ನು ನೂರನೆಯ ಬಾರಿ ಕೂಡಿಸುವವನ ಮನಸ್ಸು ಜಪಮಾಲೆಯ ಮಣಿಯಂತೆಯೇ ಸುತ್ತುತ್ತಿರುತ್ತದೆ. ಆದ್ದರಿಂದ ಮನಸ್ಸನ್ನು ಬಲಾತ್ಕಾರದಿಂದ ಬರಿದು ಮಾಡುವುದಕ್ಕಿಂತ, ಅದರ ಸುತ್ತುವಿಕೆಗೆ ಮತ್ತೊಂದು ಮಾಲೆಯನ್ನು ಕೈಗೆ ಕೊಡುವುದೇ ಸಾಧುವಾದ ಉಪಾಯ.

ಇನ್ನೊಂದು ಅಂಶ. ಕರ್ಮಸಿದ್ಧಾಂತದಲ್ಲಿ ಭಯವು ಒಂಬತ್ತು ನೋಕಷಾಯಗಳಲ್ಲೊಂದು. ಮೋಹನೀಯ ಕರ್ಮದ ಉದಯದಿಂದ ತಲೆದೋರುವಂಥದು. ಅಂದಮೇಲೆ ಭಯಪಡುವವನು ಕೀಳು, ಹೇಡಿ, ನಂಬಿಕೆಯಿಲ್ಲದವನು ಎಂದು ಹೀಯಾಳಿಸುವುದು ಧರ್ಮಸಮ್ಮತವಲ್ಲ. ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನಾಗಿ ನಿಶ್ಶಂಕನಾಗಿರುತ್ತಾನೆಂದು ಕುಂದಕುಂದಾಚಾರ್ಯರ ಸಮಯಸಾರವು ಸಾರುವುದು ನಿಜ. ಅದು ತಲುಪಬೇಕಾದ ಶಿಖರ. ಶಿಖರವನ್ನು ತೋರಿಸಿ ಹೊಸ್ತಿಲಲ್ಲಿ ನಿಂತವನನ್ನು ನಾಚಿಸುವುದು ಆಚಾರ್ಯರ ಉದ್ದೇಶವಲ್ಲ.

ನಿದ್ರೆಯಿಲ್ಲದ ಮುನಿ, ಕಾಲೆತ್ತಿದ ಆನೆ

ಶ್ವೇತಾಂಬರ ಅಂಗಾಗಮವಾದ ಜ್ಞಾತಾಧರ್ಮಕಥಾದಲ್ಲಿ ಮೇಘಕುಮಾರನ ವೃತ್ತಾಂತವಿದೆ. ಮಗಧದ ಶ್ರೇಣಿಕ ಮಹಾರಾಜನಿಗೂ ಧಾರಿಣೀದೇವಿಗೂ ಜನಿಸಿದ ಈ ರಾಜಕುಮಾರನು ಭಗವಾನ್ ಮಹಾವೀರರ ಉಪದೇಶವನ್ನಾಲಿಸಿ ದೀಕ್ಷಿತನಾದನು. ಮುನಿಗಳಲ್ಲಿ ಅವನೇ ಕಿರಿಯನಾದುದರಿಂದ ಮೊದಲ ರಾತ್ರಿ ಅವನ ಹಾಸಿಗೆಯು ಬಾಗಿಲ ಬಳಿ, ಸಾಲಿನ ಕೊನೆಗೆ ಬಂದಿತು. ಸ್ವಾಧ್ಯಾಯಕ್ಕೆಂದೂ ದೇಹಬಾಧೆಗೆಂದೂ ಹೊರಹೋಗಿ ಒಳಬರುವ ಮುನಿಗಳ ಕಾಲು ಅವನ ಕೈಗೆ ತಾಗುವುದು, ಪಾದಕ್ಕೆ ತಾಗುವುದು, ಧೂಳು ಮೈಮೇಲೆ ಬೀಳುವುದು. ರಾತ್ರಿಯಿಡೀ ಅವನಿಗೆ ಕಣ್ಣು ಮುಚ್ಚಲಾಗಲಿಲ್ಲ. ಅರಮನೆಯಲ್ಲಿದ್ದಾಗ ತನ್ನನ್ನು ಆದರಿಸುತ್ತಿದ್ದವರೇ ಈಗ ತುಳಿದು ಹೋಗುತ್ತಿದ್ದಾರೆ; ಬೆಳಗಾದೊಡನೆ ಮನೆಗೆ ಮರಳುವುದೇ ಲೇಸು ಎಂದು ಅವನು ಕತ್ತಲಲ್ಲಿ ನಿಶ್ಚಯಿಸಿದನು. ಒಂದು ರಾತ್ರಿಯ ಕಳವಳವು ಒಂದು ಜನ್ಮದ ಸಂಕಲ್ಪವನ್ನು ಕಿತ್ತುಹಾಕಲು ಹೊರಟಿತ್ತು.

ಬೆಳಗಿನಲ್ಲಿ ಭಗವಂತನ ಬಳಿ ಬಂದಾಗ, ಅವನು ಬಾಯ್ದೆರೆಯುವ ಮುನ್ನವೇ ಭಗವಂತನು ಅವನ ಮನಸ್ಸಿನ ಮಾತನ್ನು ನುಡಿದು, ಅವನ ಹಿಂದಿನ ಭವವನ್ನು ವಿವರಿಸಿದನು. ಅವನು ಆಗ ಮೇರುಪ್ರಭನೆಂಬ ಆನೆ, ಒಂದು ದೊಡ್ಡ ಹಿಂಡಿನ ಯಜಮಾನ. ಕಾಡ್ಗಿಚ್ಚನ್ನು ಕಂಡು ಅದಕ್ಕೆ ಪೂರ್ವಭವದ ಸ್ಮರಣೆಯುಂಟಾಯಿತು. ಹಿಂದೊಮ್ಮೆ ಕಾಡ್ಗಿಚ್ಚಿಗೆ ಹೆದರಿ ಓಡಿದ ನೆನಪು ಮರಳಿತು. ಅದು ಹೆದರಿ ಓಡುತ್ತಲೇ ಉಳಿಯಲಿಲ್ಲ. ತನ್ನ ಹಿಂಡಿನೊಡನೆ ಸೇರಿ ವಿಶಾಲವಾದ ಒಂದು ಮಂಡಲವನ್ನು ಆರಿಸಿ, ಅಲ್ಲಿನ ಮರ, ಬಳ್ಳಿ, ಹುಲ್ಲುಕಡ್ಡಿಗಳನ್ನೆಲ್ಲ ಕಿತ್ತು ನೆಲವನ್ನು ಬಯಲು ಮಾಡಿತು. ಒಮ್ಮೆ ಮಾಡಿ ಸುಮ್ಮನಾಗಲಿಲ್ಲ. ಮಳೆಗಾಲದ ಆರಂಭದಲ್ಲಿ, ನಡುವಿನಲ್ಲಿ, ಕೊನೆಯಲ್ಲಿ, ಮತ್ತೆ ಚಿಗುರಿದ ಹುಲ್ಲನ್ನು ಮತ್ತೆ ಮತ್ತೆ ತೆಗೆಯಿತು.

ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಿತು. ಸಿಂಹ, ಹುಲಿ, ಜಿಂಕೆ, ನರಿ ಎಲ್ಲವೂ ವೈರವನ್ನು ಮರೆತು ಆ ಬಯಲಿಗೆ ಬಂದು ಇಕ್ಕಟ್ಟಾಗಿ ನಿಂತವು. ಮೈ ತುರಿಸಿಕೊಳ್ಳಲು ಆನೆಯು ಒಂದು ಕಾಲನ್ನೆತ್ತಿದಾಗ, ತೆರವಾದ ಆ ಅಂಗೈಯಗಲದ ಜಾಗಕ್ಕೆ ಒಂದು ಮೊಲ ಬಂದು ಕುಳಿತಿತು. ಕಾಲನ್ನು ಕೆಳಗಿಡಹೋದ ಆನೆಯು ಮೊಲವನ್ನು ಕಂಡು, ಅನುಕಂಪೆಯಿಂದ ಕಾಲನ್ನು ಮೇಲೆಯೇ ಹಿಡಿಯಿತು. ಎರಡೂವರೆ ದಿನ ಬೆಂಕಿಯುರಿಯಿತು; ಎರಡೂವರೆ ದಿನವೂ ಆ ಕಾಲು ಇಳಿಯಲಿಲ್ಲ. ಬೆಂಕಿಯಾರಿ ಪ್ರಾಣಿಗಳು ಚದುರಿದ ಮೇಲೆ ಕಾಲನ್ನಿಡಲು ಹೋದರೆ ಅದು ಮರಗಟ್ಟಿ, ಆನೆಯು ನೆಲಕ್ಕುರುಳಿ, ಮೂರು ದಿನಗಳ ವೇದನೆಯ ನಂತರ ಪ್ರಾಣಬಿಟ್ಟಿತು. ಆ ಅನುಕಂಪೆಯ ಫಲವೇ ಈ ಮನುಷ್ಯಜನ್ಮ. ಪಶುವಾಗಿದ್ದಾಗ ಒಂದು ಮೊಲಕ್ಕಾಗಿ ಅಷ್ಟನ್ನು ಸಹಿಸಿದವನು ಈಗ ಸಾಧುಗಳ ಪಾದಸ್ಪರ್ಶವನ್ನು ಸಹಿಸಲಾರದೆ ಹೋದೆಯಾ ಎಂಬ ಅರ್ಥದ ಮಾತು ಮೇಘಮುನಿಯ ಎದೆಯನ್ನು ಮುಟ್ಟಿತು. ಅವನು ಮತ್ತೆ ಸ್ಥಿರನಾದನು. ಎರಡು ಕಣ್ಣುಗಳನ್ನು ಬಿಟ್ಟು ಉಳಿದ ಸಮಸ್ತ ಶರೀರವನ್ನೂ ಮುನಿಗಳ ಸೇವೆಗೆ ಅರ್ಪಿಸಿದನು.

ತಾಳವಾಡಿಯ ಕಾಡುಗಳನ್ನು ಬಲ್ಲವರಿಗೆ ಈ ಕಥೆಯ ಅರ್ಥವು ಬೇಗ ತಿಳಿಯುತ್ತದೆ. ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯವರು ಒಣಗಿದ ಹುಲ್ಲನ್ನೂ ಲಂಟಾನ ಪೊದೆಗಳನ್ನೂ ಸವರಿ ಬೆಂಕಿರೇಖೆಯನ್ನು ನಿರ್ಮಿಸುತ್ತಾರೆ. ಜ್ವಾಲೆ ಎದ್ದಮೇಲೆ ಪೊದೆ ಕಡಿಯಲು ಹೊರಟವನಿಗೆ ಸಮಯ ಸಾಲದು. ಶ್ರಾವಕನ ನಿತ್ಯನಿಯಮಗಳು ಇಂಥ ಬೆಂಕಿರೇಖೆಗಳು. ಅವು ಕಷ್ಟವು ಬಾರದಂತೆ ತಡೆಯುವುದಿಲ್ಲ. ಬಂದಾಗ ಚಿತ್ತಕ್ಕೆ ನಿಲ್ಲಲು ಒಂದಿಷ್ಟು ಬಯಲನ್ನು ಒದಗಿಸುತ್ತವೆ.

ದಿನಚರಿಯೊಳಗಿನ ಬಯಲು

ಈ ಬಯಲನ್ನು ಸವರುವ ಕೆಲಸ ಮುಂಜಾನೆಯೇ ಆರಂಭವಾಗುತ್ತದೆ. ಶ್ರಾವಿಕೆಯು ಇಮ್ಮಡಿ ಮಡಚಿದ ದಪ್ಪ ಬಟ್ಟೆಯಲ್ಲಿ ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳನ್ನು ನೀರು ತಂದ ಜಲಮೂಲಕ್ಕೇ ಮೃದುವಾಗಿ ಮರಳಿಸುವ ಕ್ರಮವು ಅಹಿಂಸೆಯ ಆಚರಣೆ. ಅದರೊಳಗೆ ಮನಸ್ಸಿಗೂ ಒಂದು ಲಾಭವಿದೆ. ಕೈ ನಿಧಾನಿಸಿದರೆ ಉಸಿರು ನಿಧಾನಿಸುತ್ತದೆ. ಉಸಿರು ನಿಧಾನಿಸಿದರೆ ಮನಸ್ಸು ನಿಧಾನಿಸುತ್ತದೆ. ನೋಡಿ ನಡೆಯುವುದು, ನೋಡಿ ಎತ್ತುವುದು, ನೋಡಿ ಇಡುವುದು ಎಂಬ ಸಮಿತಿಗಳ ತತ್ತ್ವವೂ ಇದೇ. ಅವಸರವೇ ಅರ್ಧ ಚಿಂತೆ. ಯತ್ನಾಚಾರದಿಂದ ಆ ಅರ್ಧ ಕರಗುತ್ತದೆ.

ಗುಜರಾತಿ, ರಾಜಸ್ಥಾನಿ ಮನೆಗಳಲ್ಲಿ ಸೂರ್ಯೋದಯದ 48 ನಿಮಿಷಗಳ ನಂತರವೇ ಬಾಯಿಗೆ ನೀರು ಮುಟ್ಟಿಸುವ ನವಕಾರಸಿಯೂ, ಸಂಜೆ ಚೌವಿಹಾರವೂ ರೂಢಿಯಲ್ಲಿವೆ. ಕನ್ನಡ ಮತ್ತು ತಮಿಳು ಜೈನರ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ರಾತ್ರಿಭೋಜನತ್ಯಾಗವು ತಲೆಮಾರುಗಳಿಂದ ನಡೆದುಬಂದಿದೆ. ಹೆಸರು ಬೇರೆಯಾದರೂ ಎಲ್ಲವೂ ದಿನಕ್ಕೆ ಒಂದು ಆರಂಭವನ್ನೂ ಒಂದು ಮುಕ್ತಾಯವನ್ನೂ ಕೊಡುತ್ತವೆ. ಮುಕ್ತಾಯವಿಲ್ಲದ ದಿನವೇ ಇಂದಿನ ಕಾಲದ ದೊಡ್ಡ ಕಳವಳ. ಅಂಗಡಿಯ ಬಾಗಿಲು ಮುಚ್ಚಿದರೂ ಕೈಯಲ್ಲಿರುವ ಮೊಬೈಲ್ ಫೋನು ಮುಚ್ಚುವುದಿಲ್ಲ. ಸೂರ್ಯನೊಡನೆ ಊಟವನ್ನು ಮುಗಿಸಿದವರು ಪ್ರತ್ಯಾಖ್ಯಾನದ ಭಾವದಿಂದ ಧಾರಣೆಯ ಸಂದೇಶಗಳಿಗೂ ಮರುದಿನದವರೆಗೆ ವಿರಾಮ ಹೇಳಿದರೆ, ನಿದ್ರೆಗೆ ದಾರಿ ಸುಗಮವಾಗುತ್ತದೆ.

ನಿತ್ಯನಿಯಮಗಳ ಕೇಂದ್ರವು ಸಾಮಾಯಿಕ. ಎರಡು ಘಳಿಗೆ, ಅಂದರೆ 48 ನಿಮಿಷಗಳ ಕಾಲ ಸಾವದ್ಯ ವ್ಯಾಪಾರಗಳನ್ನು ತ್ಯಜಿಸಿ ಸಮಭಾವದಲ್ಲಿರುವುದು ಎರಡೂ ಪರಂಪರೆಗಳಿಗೆ ಸಮಾನವಾದ ಮಾರ್ಗ. ಕಟಾಸನ, ಮುಖವಸ್ತ್ರಿಕೆಗಳೊಡನೆ ಕುಳಿತರೂ, ಪೂರ್ವ ಅಥವಾ ಉತ್ತರಾಭಿಮುಖವಾಗಿ ನಿಂತು ಆವರ್ತ ಶಿರೋನತಿಗಳೊಡನೆ ಆರಂಭಿಸಿದರೂ, ಒಳಗೆ ನಡೆಯಬೇಕಾದ ಕೆಲಸ ಒಂದೇ. ಲಾಭ ಅಲಾಭ, ಸಂಯೋಗ ವಿಯೋಗಗಳನ್ನು ಸ್ವಲ್ಪ ಹೊತ್ತು ತಕ್ಕಡಿಯಿಂದ ಇಳಿಸಿ ನೆಲದ ಮೇಲಿಡುವುದು. ಹಗಲೆಲ್ಲ ತಕ್ಕಡಿ ಹಿಡಿದ ಕೈಗೆ ಈ ವಿಶ್ರಾಂತಿ ಅವಶ್ಯಕ.

ಮನಸ್ಸು ನಿಲ್ಲುವುದಿಲ್ಲ, ಕುಳಿತೊಡನೆಯೇ ಚಿಂತೆಗಳು ಮುತ್ತುತ್ತವೆ, ಆದ್ದರಿಂದ ಸಾಮಾಯಿಕ ತನಗಲ್ಲ ಎಂದು ಹಲವರು ಕೈಬಿಡುತ್ತಾರೆ. ಶಾಸ್ತ್ರಕಾರರಿಗೆ ಇದು ತಿಳಿಯದ ವಿಷಯವಲ್ಲ. ಸಾಮಾಯಿಕದ ಐದು ಅತಿಚಾರಗಳಲ್ಲಿ ಮನಸ್ಸಿನ ದುಷ್ಪ್ರಣಿಧಾನವನ್ನೂ, ಅನಾದರವನ್ನೂ, ಮರೆವನ್ನೂ ಅವರು ಮೊದಲೇ ಎಣಿಸಿಟ್ಟಿದ್ದಾರೆ. ಎಲ್ಲರಿಗೂ ಸಂಭವಿಸುವಂಥ ದೋಷವಾದುದರಿಂದಲೇ ಅದಕ್ಕೆ ಪಟ್ಟಿಯಲ್ಲಿ ಸ್ಥಾನ. ಹುಲ್ಲು ಮತ್ತೆ ಚಿಗುರುತ್ತದೆಂದು ಆನೆಯು ಮಂಡಲವನ್ನು ಬಿಟ್ಟುಹೋಗಲಿಲ್ಲ. ಚದುರಿದ ಮನಸ್ಸನ್ನು ಕೋಪವಿಲ್ಲದೆ ಮರಳಿ ಕರೆತರುವುದೇ ಅಭ್ಯಾಸ. ಹತ್ತು ಬಾರಿ ಚದುರಿದರೆ ಹತ್ತು ಬಾರಿ ಅಭ್ಯಾಸವಾಯಿತೆಂದೇ ತಿಳಿಯಬೇಕು.

48 ನಿಮಿಷ ಕೂರಲು ಶಕ್ತಿಯಿಲ್ಲದ ದಿನಗಳಲ್ಲಿ ಕಾಯೋತ್ಸರ್ಗವನ್ನಾದರೂ ಬಿಡಬಾರದು. ದಿಗಂಬರ ಕ್ರಮದಲ್ಲಿ ಒಂದು ಣಮೋಕಾರಕ್ಕೆ ಮೂರು ಉಸಿರಿನಂತೆ ಒಂಬತ್ತು ಜಪಕ್ಕೆ 27 ಉಚ್ಛ್ವಾಸಗಳು. ಶ್ವೇತಾಂಬರ ಕ್ರಮದಲ್ಲಿ ಲೋಗಸ್ಸ ಸೂತ್ರವನ್ನು ನಿಯತ ಪದದವರೆಗೆ ನೆನೆದರೆ 25 ಉಚ್ಛ್ವಾಸಗಳು. ನಮ್ರವಾಗಿ ನಿಂತು, ತೋಳುಗಳನ್ನು ಇಳಿಬಿಟ್ಟು, ಭುಜಗಳನ್ನೂ ದವಡೆಯನ್ನೂ ಸಡಿಲಿಸಿ, ದೇಹದ ಮೇಲಿನ ಮಮತೆಯನ್ನು ಅಷ್ಟು ಉಸಿರುಗಳ ಕಾಲ ಬಿಟ್ಟುಕೊಡುವುದು. ನೀಳವಾಗಿ ಉಸಿರನ್ನು ಹೊರಬಿಟ್ಟಾಗ ಹೃದಯದ ಬಡಿತ ಇಳಿಮುಖವಾಗುವುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಅಟ್ಟಣೆಯ ಮೇಲಿನ ಕಾವಲುಗಾರನೂ, ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವ ತಾಯಿಯೂ ಈ 27 ಉಸಿರುಗಳನ್ನು ಎಣಿಸಬಲ್ಲರು. ಅದಕ್ಕೆ ಬಸದಿಯೂ ಬೇಡ, ದೀಪವೂ ಬೇಡ.

ದಿನದ ಕೊನೆಗೆ ಪ್ರತಿಕ್ರಮಣ. ನಡೆದುಹೋದ ತಪ್ಪನ್ನು ಹೆಸರಿಟ್ಟು ನೆನೆದು, ಕ್ಷಮೆಯಾಚಿಸಿ, ಅಲ್ಲಿಗೆ ಅದನ್ನು ಮುಗಿಸುವುದು. ಹೆಸರಿಲ್ಲದ ಅಪರಾಧಪ್ರಜ್ಞೆಯು ರಾತ್ರಿಯಲ್ಲಿ ಬೆಳೆಯುತ್ತದೆ. ಹೆಸರು ಪಡೆದ ತಪ್ಪು ತನ್ನ ಅಳತೆಗೆ ಕುಗ್ಗುತ್ತದೆ. ಇದರ ಜೊತೆಗೆ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದನ್ನು, ದಿನಕ್ಕೊಂದರಂತೆ, ಮನೆಮಂದಿಯೆಲ್ಲ ಕುಳಿತು ತಮ್ಮ ತಮ್ಮ ಭಾಷೆಯಲ್ಲಿ ಹೇಳಿಕೊಂಡರೆ ಮಕ್ಕಳಿಗೂ ಅದು ಕಥೆಯಂತೆ ಹಿಡಿಸುತ್ತದೆ. ಅಜ್ಜಿ ತಮಿಳಿನಲ್ಲಿ, ಸೊಸೆ ಗುಜರಾತಿಯಲ್ಲಿ, ಮೊಮ್ಮಗಳು ಕನ್ನಡದಲ್ಲಿ ಹೇಳಿದರೂ ಅನಿತ್ಯತೆಯ ಅರ್ಥ ಬದಲಾಗದು.

ಔಷಧವೂ ಧರ್ಮವೇ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಎದೆ ಹೊಡೆದುಕೊಳ್ಳುವುದು ನಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಅದನ್ನು ಶ್ರದ್ಧೆಯ ಕೊರತೆಯೆಂದು ಮುಚ್ಚಿಡದೆ ಮನೆಯವರಲ್ಲಿ ಹೇಳಿ, ವಿಳಂಬವಿಲ್ಲದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧವನ್ನೂ ಸೇರಿಸಿದ ಧರ್ಮವು ಚಿಕಿತ್ಸೆಯನ್ನು ಎಂದೂ ಕಡೆಗಣಿಸಿಲ್ಲ. ಜಪವನ್ನು ಔಷಧಕ್ಕೆ ಬದಲಾಗಿ ಇಡುವುದೂ ಸಲ್ಲದು, ದೇವರೊಡನೆ ವ್ಯಾಪಾರಕ್ಕೆಂದು ಮಾಡುವುದೂ ಸಲ್ಲದು. ಫಲಾಪೇಕ್ಷೆಯಿಂದ ಮಾಡಿದ ಜಪವು ನಿದಾನವಾಗಿ, ಕೊನೆಗೆ ಆರ್ತಧ್ಯಾನದ ಮನೆಗೇ ಮರಳುತ್ತದೆ.

ಅಭಯದಾನ

ಮೇಘಮುನಿಯ ಕಳವಳವು ತೀರಿದ್ದು ಹಾಸಿಗೆಯನ್ನು ಬದಲಿಸಿದ್ದರಿಂದಲ್ಲ, ಸೇವೆಗೆ ದೇಹವನ್ನು ಅರ್ಪಿಸಿದ್ದರಿಂದ. ತನ್ನ ಭಯವನ್ನು ಕಳೆದುಕೊಳ್ಳುವ ದಾರಿ ಇನ್ನೊಬ್ಬರ ಭಯವನ್ನು ಕಳೆಯುವುದರಲ್ಲಿದೆ. ಅಭಯದಾನವು ದಾನಗಳಲ್ಲಿ ಶ್ರೇಷ್ಠವೆನಿಸಿದ್ದು ಇದರಿಂದಲೇ.

ತಾಳವಾಡಿಗೆ ಹತ್ತಿರದ ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಅಲ್ಲಿ ಬಸದಿಯನ್ನು ಕಟ್ಟಿಸಿದುದನ್ನು ಕ್ರಿ.ಶ. 1117ರ ಶಾಸನವು ತಿಳಿಸುತ್ತದೆ. ನೀಲಗಿರಿಯವರೆಗೆ ದಂಡೆತ್ತಿ ಹೋದ ಈ ವೀರನನ್ನು ಶಾಸನವು ಹೊಗಳುವುದು ಕೇವಲ ಗೆಲುವಿಗಾಗಿಯಲ್ಲ. ನಷ್ಟಹೊಂದಿದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಅಧಿಕಾರ ಕಳೆದುಕೊಂಡ ಕಿರಾತನಾಯಕನಿಗೆ, ಅವರವರು ಕಳೆದುಕೊಂಡದ್ದನ್ನು ಕೊಟ್ಟು ಪೊರೆದನೆಂಬುದಕ್ಕಾಗಿ. ಒಂಬತ್ತು ಶತಮಾನಗಳ ಹಿಂದೆ ಇದೇ ಸೀಮೆಯ ಒಬ್ಬ ಶ್ರಾವಕನಿಗೆ, ಬೀಜವಿಲ್ಲದವನ ಕಳವಳವು ತನ್ನ ಧರ್ಮದ ಲೆಕ್ಕಕ್ಕೆ ಸೇರಿದುದೆಂಬ ಅರಿವಿತ್ತು.

ಇಂದಿನ ಶ್ರಾವಕರಲ್ಲಿ ವ್ಯಾಪಾರಸ್ಥರು ಬಹಳ. ಅರಿಸಿನ ಕೊಳ್ಳುವವರಿದ್ದಾರೆ, ಬಟ್ಟೆ ಮಾರುವವರಿದ್ದಾರೆ, ಕೈಸಾಲ ಕೊಡುವವರಿದ್ದಾರೆ. ತನ್ನ ನಿದ್ರೆಗಾಗಿ ಸಾಮಾಯಿಕ ಮಾಡುವವನು, ತನ್ನ ಕಾರಣದಿಂದ ನಿದ್ರೆಗೆಟ್ಟವರು ಯಾರಾದರೂ ಇದ್ದಾರೆಯೇ ಎಂದು ಪ್ರತಿಕ್ರಮಣದ ವೇಳೆ ಕೇಳಿಕೊಳ್ಳಬೇಕು. ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯಾಣುವ್ರತದ ಅತಿಚಾರವೆಂದೂ, ಮಿತಿಮೀರಿ ಹೊರೆ ಹೇರುವುದನ್ನು ಅಹಿಂಸಾಣುವ್ರತದ ಅತಿಚಾರವೆಂದೂ ತತ್ತ್ವಾರ್ಥಸೂತ್ರವು ಹೇಳಿದೆ. ಆನೆ ತುಳಿದ ವರ್ಷ ರೈತನ ಗಡುವನ್ನು ಒಂದು ಫಸಲಿನಷ್ಟು ಮುಂದೂಡುವುದು, ಆಳಿನ ಕೂಲಿಯನ್ನು ಸಂಜೆಯೇ ಕೊಡುವುದು, ಒಂಟಿಯಾಗಿರುವ ಹಿರಿಯರ ಮನೆಯ ಬಾಗಿಲನ್ನು ದಿನಕ್ಕೊಮ್ಮೆ ತಟ್ಟುವುದು ಇವೂ ನಿತ್ಯನಿಯಮಗಳಾಗಬಲ್ಲವು. ಇವು ಕಾಲೆತ್ತಿ ಹಿಡಿದು ಮೊಲಕ್ಕೆ ಬಿಟ್ಟುಕೊಟ್ಟ ಅಂಗೈಯಗಲದ ನೆಲ.

ಬೆಟ್ಟದ ಮೇಲಿನ ಆನೆಗೂ ಕುಗ್ಗುತ್ತಿರುವ ಕಾಡಿನ ಭಯವಿದೆ, ಹೊಲದ ರೈತನಿಗೂ ಆನೆಯ ಭಯವಿದೆ. ಎರಡನ್ನೂ ಒಂದೇ ಅನುಕಂಪೆಯಿಂದ ಕಾಣಬಲ್ಲವನೇ ಜಿನಮಾರ್ಗಿ. ಈ ಮಹೋತ್ಸವದ ದಿನದಿಂದ ಪ್ರತಿಯೊಂದು ಕುಟುಂಬವೂ ಒಂದೇ ಒಂದು ನಿಯಮವನ್ನು, ಅದು 27 ಉಸಿರುಗಳಷ್ಟು ಕಿರಿದಾದರೂ ಸರಿಯೇ, ಕೈಗೊಂಡು ಮುಂದಿನ ಉತ್ಸವದವರೆಗೆ ಬಿಡದೆ ನಡೆಸಿದರೆ, ಮಂಟಪಕ್ಕೆ ಕಟ್ಟಿದ ತೋರಣವು ಬಾಡಿದ ಮೇಲೂ ಉತ್ಸವವು ಮನೆಯಲ್ಲಿ ಉಳಿಯುತ್ತದೆ.

ಭಗವಾನ್ ಜಿನೇಶ್ವರರ ಕೃಪಾಛಾಯೆಯಲ್ಲಿ ಸಮಸ್ತ ಜೀವಿಗಳಿಗೂ ಅಭಯವುಂಟಾಗಲಿ. ಎಲ್ಲರ ಚಿತ್ತವೂ ಸಮಭಾವದಲ್ಲಿ ನೆಲೆಗೊಳ್ಳಲಿ.

ಜೈ ಜಿನೇಂದ್ರ.